ಶತ್ರುವಿಗೂ ಕಣ್ಣೀರು ಕೊಟ್ಟ ನಿರ್ದೇಶಕ ತದಾವೊ ನಗಹಾಮಾ

ಫಿಲಿಪೈನ್ಸ್ ಅಧ್ಯಕ್ಷ ಫರ್ಡಿನೆಂಡ್ ಮಾರ್ಕೋಸ್ 1979ರಲ್ಲಿ ಒಂದು ವಿಚಿತ್ರ ಆಜ್ಞೆ ಹೊರಡಿಸಿದರು. ಜಪಾನಿನಿಂದ ಬಂದ ರೋಬೋ ಕಾರ್ಟೂನ್ ಧಾರಾವಾಹಿಗಳು ದೂರದರ್ಶನದಲ್ಲಿ ಪ್ರಸಾರವಾಗಕೂಡದು ಎಂಬುದೇ ಆ ಆಜ್ಞೆ. ಅತಿಯಾದ ಹಿಂಸೆ ಎಂಬುದು ಸರ್ಕಾರ ಕೊಟ್ಟ ಕಾರಣ. ಅವುಗಳಲ್ಲಿ ಮಕ್ಕಳ ಅಚ್ಚುಮೆಚ್ಚಿನದಾಗಿದ್ದ ‘ವೋಲ್ಟಿಸ್ ಫೈವ್’ ಮುಗಿಯಲು ಕೆಲವೇ ಕಂತುಗಳು ಉಳಿದಿದ್ದವು. ಆ ಕೊನೆಯ ಕಂತುಗಳಲ್ಲಿ ಗುಲಾಮರು ದಂಗೆಯೆದ್ದು ನಿರಂಕುಶ ಚಕ್ರವರ್ತಿಯನ್ನು ಸಿಂಹಾಸನದಿಂದ ಕೆಡವುತ್ತಾರೆ. ಸೇನಾ ಶಾಸನದ ನೆರಳಿನಲ್ಲಿದ್ದ ದೇಶದಲ್ಲಿ ಈ ಕಾಕತಾಳೀಯವನ್ನು ಜನ ಮರೆಯಲಿಲ್ಲ.

ಆ ಧಾರಾವಾಹಿಯನ್ನು ನಿರ್ದೇಶಿಸಿದವರು ತದಾವೊ ನಗಹಾಮಾ. ಜಪಾನಿನ ಅನಿಮೇಷನ್ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1979ರಲ್ಲಿ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಆಚೆಗೆ ಅಜೇಯ ಯಂತ್ರಗಳ ಹಳೆಯ ‘ಸೂಪರ್ ರೋಬೋ’ ಕಥೆಗಳು. ಈಚೆಗೆ ‘ಗಂಡಮ್’ನಿಂದ ಆರಂಭವಾದ, ಯುದ್ಧವನ್ನು ಯುದ್ಧದಂತೆಯೇ ತೋರಿಸುವ ಹೊಸ ಕಥೆಗಳು. ನಗಹಾಮಾ ಅವರ ಬದುಕನ್ನು ಗಮನಿಸಿದರೆ ಆ ಗೆರೆ ಅಷ್ಟು ನೇರವಾಗಿಲ್ಲವೆಂಬುದು ತಿಳಿಯುತ್ತದೆ.

1932ರಲ್ಲಿ ಜನಿಸಿದ ನಗಹಾಮಾ ಅವರು ಚಿತ್ರಕಾರರಲ್ಲ. ಅವರು ಬಂದದ್ದು ಗೊಂಬೆಯಾಟದಿಂದ. ‘ಹಿತೊಮಿಜಾ’ ಎಂಬ ಪ್ರಸಿದ್ಧ ಗೊಂಬೆಯಾಟದ ತಂಡದಲ್ಲಿ ದುಡಿದು, 1964ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಲ್ಲಿ ಆರಂಭವಾದ ಜನಪ್ರಿಯ ಗೊಂಬೆ ಧಾರಾವಾಹಿ ‘ಹ್ಯೊಕ್ಕೊರಿ ಹ್ಯೋತಾನ್‌ಜಿಮಾ’ದಲ್ಲಿಯೂ ಅವರು ಕೆಲಸ ಮಾಡಿದರು. ಗೊಂಬೆಯ ಮುಖ ಬದಲಾಗುವುದಿಲ್ಲ. ಅಳು, ನಗು, ಕೋಪ ಎಲ್ಲವನ್ನೂ ಧ್ವನಿ, ಕತ್ತಿನ ಬಾಗು ಮತ್ತು ಮೌನದಿಂದಲೇ ಹುಟ್ಟಿಸಬೇಕು. ಕಡಿಮೆ ಚಿತ್ರಗಳಲ್ಲಿ ವಾರಕ್ಕೊಂದು ಕಂತು ಮುಗಿಸಬೇಕಾದ ಅಂದಿನ ದೂರದರ್ಶನ ಅನಿಮೇಷನ್ನಿಗೆ ಇದಕ್ಕಿಂತ ಉತ್ತಮ ಪಾಠಶಾಲೆ ಬೇರೊಂದಿರಲಾರದು.

ಅವರಿಗೆ ಹೆಸರು ತಂದುಕೊಟ್ಟದ್ದು ಬೇಸ್‌ಬಾಲ್ ಕಥೆ. 1968ರಿಂದ 1971ರವರೆಗೆ 182 ಕಂತುಗಳಲ್ಲಿ ಪ್ರಸಾರವಾದ ‘ಕ್ಯೊಜಿನ್ ನೊ ಹೊಶಿ’ ಮಗನನ್ನು ಮಹಾನ್ ಆಟಗಾರನನ್ನಾಗಿ ಮಾಡಲು ಹೊರಟ ಕಠೋರ ತಂದೆಯ ಕಥೆ. ಚೆಂಡು ಕೈಬಿಟ್ಟು ದಾಂಡಿಗನನ್ನು ತಲುಪುವ ಅರೆಕ್ಷಣದೊಳಗೆ ಇಡೀ ಬಾಲ್ಯದ ನೆನಪು, ತಂದೆಯ ಬೈಗುಳ, ಎದುರಾಳಿಯ ಬಡತನ ಎಲ್ಲವೂ ಹಾದುಹೋಗುತ್ತಿದ್ದವು. ಕಣ್ಣೊಳಗೆ ಬೆಂಕಿ ಉರಿಯುತ್ತಿತ್ತು. ನಗುವವರು ನಗಬಹುದು, ಆದರೆ ಜಪಾನ್ ಅದನ್ನು ಉಸಿರು ಬಿಗಿಹಿಡಿದು ನೋಡಿತು. (ಇದೇ ಕಥೆ 2012ರಲ್ಲಿ ಮುಂಬೈಗೆ ಬಂದು, ಬೇಸ್‌ಬಾಲ್ ಬದಲು ಕ್ರಿಕೆಟ್ ಆಗಿ, ‘ಸೂರಜ್: ದಿ ರೈಸಿಂಗ್ ಸ್ಟಾರ್’ ಎಂಬ ಹೆಸರಿನಲ್ಲಿ ಹಿಂದಿ ವಾಹಿನಿಯಲ್ಲಿ ಪ್ರಸಾರವಾಯಿತು. ಅಷ್ಟು ಹೊತ್ತಿಗೆ ನಗಹಾಮಾ ತೀರಿಕೊಂಡು ಮೂರು ದಶಕಗಳೇ ಕಳೆದಿದ್ದವು.)

ರೋಬೋಗಳ ಲೋಕಕ್ಕೆ ಅವರು ಕಾಲಿಟ್ಟದ್ದು ಅರ್ಧ ದಾರಿಯಲ್ಲಿ. 1975ರಲ್ಲಿ ಆರಂಭವಾದ ‘ಯೂಶಾ ರೈದೀನ್’ನ ಮೊದಲ 26 ಕಂತುಗಳನ್ನು ನಿರ್ದೇಶಿಸಿದವರು ಯೊಶಿಯುಕಿ ತೊಮಿನೊ. ಅವರನ್ನು ಬದಲಿಸಿ ನಗಹಾಮಾ ಅವರಿಗೆ ಹೊಣೆ ವಹಿಸಲಾಯಿತು. ಮುಖವಾಡ ಧರಿಸಿದ ಸುಂದರ ಶತ್ರು ರಾಜಕುಮಾರ ಶಾರ್ಕಿನ್ ತೊಮಿನೊ ಅವರ ಕಂತುಗಳಲ್ಲಿಯೇ ಮೂಡಿದ್ದ ಪಾತ್ರ ಎಂಬುದನ್ನು ಇಲ್ಲಿ ಹೇಳಲೇಬೇಕು. ಆ ಬೀಜವನ್ನು ಮರವಾಗಿ ಬೆಳೆಸಿದವರು ಮಾತ್ರ ನಗಹಾಮಾ.

ಅದಕ್ಕೂ ಮೊದಲಿನ ರೋಬೋ ಕಥೆಗಳಲ್ಲಿ, ಉದಾಹರಣೆಗೆ ಗೊ ನಗಾಯ್ ಅವರ ‘ಮಾಜಿಂಗರ್ ಜೆಡ್’ನಲ್ಲಿ (1972), ಶತ್ರು ಎಂದರೆ ವಾರಕ್ಕೊಂದು ರಾಕ್ಷಸ ಯಂತ್ರ ಕಳುಹಿಸುವ ದುಷ್ಟ. ಅವನಿಗೆ ಮನೆಯಿಲ್ಲ, ತಾಯಿಯಿಲ್ಲ. 1976ರ ‘ಕಾಂಬ್ಯಾಟ್ಲರ್ ವಿ’ಯಲ್ಲಿ ನಗಹಾಮಾ ಈ ಲೆಕ್ಕಾಚಾರವನ್ನೇ ಬುಡಮೇಲು ಮಾಡಿದರು. ಶತ್ರು ಸೇನಾನಿ ಗರುಡ ತಾನು ತಾಯಿಯೆಂದು ಪೂಜಿಸುತ್ತಿದ್ದವಳು ತಾಯಿಯೇ ಅಲ್ಲವೆಂದೂ, ತಾನು ಅವಳು ತಯಾರಿಸಿದ ಯಂತ್ರಮಾನವನೆಂದೂ ತಿಳಿದು ಕುಸಿಯುತ್ತಾನೆ. ಮಕ್ಕಳ ಧಾರಾವಾಹಿಯ ನಡುಭಾಗದಲ್ಲಿ ಖಳನಾಯಕನಿಗಾಗಿ ಮಕ್ಕಳು ಅತ್ತರು. ಐದು ವಾಹನಗಳು ಕೂಡಿ ಒಂದು ದೈತ್ಯಾಕೃತಿಯಾಗುವ ಕಲ್ಪನೆಯೂ ಇದರದ್ದೇ. ಆಟಿಕೆ ಕಂಪನಿ ಪಾಪಿ ಅದನ್ನು ನಿಜವಾಗಿಯೂ ಬಿಡಿಸಿ ಜೋಡಿಸಬಹುದಾದ ಆಟಿಕೆಯಾಗಿ ಮಾರಿತು. ಕಥೆಯ ಖರ್ಚು ಹುಟ್ಟುತ್ತಿದ್ದುದು ಆಟಿಕೆಯ ಮಾರಾಟದಿಂದ ಎಂಬ ಸತ್ಯವನ್ನು ನಗಹಾಮಾ ಎಂದೂ ಧಿಕ್ಕರಿಸಲಿಲ್ಲ. ಪ್ರತಿ ಕಂತಿನಲ್ಲಿಯೂ ಯಂತ್ರಗಳು ಕೂಡಿದವು, ಅಸ್ತ್ರದ ಹೆಸರು ಕೂಗಲಾಯಿತು, ಶತ್ರುಯಂತ್ರ ಸಿಡಿಯಿತು. ಉಳಿದ ನಿಮಿಷಗಳು ಅವರವು.

1977ರ ಜೂನ್‌ನಿಂದ 1978ರ ಮಾರ್ಚ್‌ವರೆಗೆ 40 ಕಂತುಗಳಲ್ಲಿ ಬಂದ ‘ವೋಲ್ಟಿಸ್ ಫೈವ್’ ಅವರ ಅತ್ಯುತ್ತಮ ಕೃತಿ ಎನ್ನಲು ಅಡ್ಡಿಯಿಲ್ಲ. ಬೊವಾಜಾನ್ ಎಂಬ ಗ್ರಹದಲ್ಲಿ ಕೊಂಬುಳ್ಳವರು ಒಡೆಯರು, ಕೊಂಬಿಲ್ಲದೆ ಹುಟ್ಟಿದವರು ಗುಲಾಮರು. ರಾಜವಂಶದಲ್ಲಿ ಕೊಂಬಿಲ್ಲದೆ ಹುಟ್ಟಿ, ಕೃತಕ ಕೊಂಬು ತೊಟ್ಟು ಬೆಳೆದ ವಿಜ್ಞಾನಿಯೊಬ್ಬ ಗುಟ್ಟು ರಟ್ಟಾಗಿ ಭೂಮಿಗೆ ಓಡಿಬರುತ್ತಾನೆ, ಇಲ್ಲಿ ಮದುವೆಯಾಗುತ್ತಾನೆ. ಅವನ ಮೂವರು ಗಂಡುಮಕ್ಕಳೇ ವೋಲ್ಟಿಸ್ ನಡೆಸುವವರಲ್ಲಿ ಮೂವರು. ತಾಯಿ ಆರಂಭದಲ್ಲಿಯೇ ಮಕ್ಕಳಿಗಾಗಿ ಪ್ರಾಣ ತೆರುತ್ತಾಳೆ. ಭೂಮಿಯ ಮೇಲೆ ದಂಡೆತ್ತಿ ಬಂದ ರಾಜಕುಮಾರ ಹೈನೆಲ್ ಬೇರೆ ಯಾರೂ ಅಲ್ಲ, ಅದೇ ತಂದೆ ಬಿಟ್ಟುಬಂದ ಮಗ. ಮಲಸಹೋದರರು ಪರಸ್ಪರರನ್ನು ಗುರುತಿಸುವ ಹೊತ್ತಿಗೆ ಕಾಲ ಮಿಂಚಿರುತ್ತದೆ, ಹೈನೆಲ್ ಬದುಕುಳಿಯುವುದಿಲ್ಲ. ಕೊಂಬಿನ ಮೇಲೆ ಕುಲ ನಿರ್ಧರಿಸುವ ಈ ವ್ಯವಸ್ಥೆ ಯಾವ ಸಮಾಜದ ಪ್ರೇಕ್ಷಕನಿಗೂ ಅರ್ಥವಾಗುವಂತಹುದು. ಕೂಡುವ ಯಂತ್ರಗಳ ಬೆರಗಿನಡಿ ಅದು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಬೆನ್ನಿಗೇ ಬಂದ ‘ಡೈಮೋಸ್’ (1978) ರೋಮಿಯೋ-ಜೂಲಿಯೆಟ್ ಮಾದರಿಯ ಪ್ರೇಮಕಥೆ. ಭೂಮಿಯ ಯುವಕನೊಬ್ಬ ರೆಕ್ಕೆಯುಳ್ಳ ಶತ್ರುಕುಲದ ಕನ್ಯೆಯನ್ನು ಪ್ರೀತಿಸುತ್ತಾನೆ. ಯುದ್ಧ ಆರಂಭವಾಗುವುದು ದ್ವೇಷದಿಂದಲ್ಲ, ಸಂಧಾನ ಸಭೆಯಲ್ಲಿ ನಡೆದ ಒಂದು ವಿಷಪ್ರಯೋಗದಿಂದ.

ತೊಮಿನೊ ಈ ವರ್ಷಗಳಲ್ಲಿ ದೂರ ಹೋಗಿರಲಿಲ್ಲ. ತಮ್ಮ ಸ್ಥಾನಕ್ಕೆ ಬಂದ ಹಿರಿಯರ ಧಾರಾವಾಹಿಗಳಿಗೆ ಅವರು ದೃಶ್ಯಚಿತ್ತಾರಗಳನ್ನು ಬರೆದುಕೊಟ್ಟರು. ‘ರೈದೀನ್’ ಮತ್ತು ‘ಕಾಂಬ್ಯಾಟ್ಲರ್ ವಿ’ಯ ಪಾತ್ರಗಳನ್ನು ರೂಪಿಸಿದ ಯೊಶಿಕಾಜು ಯಸುಹಿಕೊ ಅವರೇ ಮುಂದೆ ‘ಗಂಡಮ್’ನ ಪಾತ್ರಗಳನ್ನೂ ರೂಪಿಸಿದರು. 1979ರ ಏಪ್ರಿಲ್‌ನಲ್ಲಿ ‘ಗಂಡಮ್’ ತೆರೆಗೆ ಬಂದಾಗ ಅದರ ಮುಖವಾಡದ ವೀರ ಶಾರ್ ಅಜ್ನಬಲ್, ಶಾರ್ಕಿನ್ ಮತ್ತು ಹೈನೆಲ್‌ರ ಕಿರಿಯ ಸಹೋದರನಂತೆಯೇ ಕಂಡ.

ಭಿನ್ನತೆಯೂ ಅಷ್ಟೇ ಸ್ಪಷ್ಟ. ನಗಹಾಮಾ ಅವರ ಲೋಕದಲ್ಲಿ ಸತ್ಯ ಹೊರಬಿದ್ದೊಡನೆ ಎಲ್ಲರೂ ಅಳುತ್ತಾರೆ, ಅತ್ತವರು ಶುದ್ಧರಾಗುತ್ತಾರೆ. ‘ಗಂಡಮ್’ನಲ್ಲಿ ಸತ್ಯ ತಿಳಿದ ಮೇಲೂ ಯುದ್ಧ ಮುಂದುವರಿಯುತ್ತದೆ, ಯಂತ್ರ ಕಾರ್ಖಾನೆಯಲ್ಲಿ ತಯಾರಾದ ಆಯುಧ ಮಾತ್ರ, ಅದಕ್ಕೆ ಇಂಧನ ಬೇಕು, ದುರಸ್ತಿ ಬೇಕು. ಹೊಸ ಕಥೆ ಬುದ್ಧಿಗೆ ಹೆಚ್ಚು ಒಪ್ಪುತ್ತದೆ. ಹಾಗೆಂದು ಹಳೆಯದನ್ನು ಬಾಲಿಶವೆಂದು ತಳ್ಳಿಹಾಕುವುದು ಅನ್ಯಾಯ. ಶತ್ರುವಿಗೂ ಒಂದು ಮನೆಯಿದೆ ಎಂಬುದನ್ನು ಪ್ರೇಕ್ಷಕರಿಗೆ ರೂಢಿ ಮಾಡಿಸದೆ ಹೋಗಿದ್ದರೆ ‘ಗಂಡಮ್’ ಅರ್ಥವಾಗುತ್ತಿದ್ದುದು ಅನುಮಾನ. ರೂಢಿಯಾದ ಮೇಲೂ ಮೊದಲ ಪ್ರಸಾರದಲ್ಲಿ ಅದು ಸೋತು 43 ಕಂತಿಗೇ ನಿಂತಿತು.

ನಗಹಾಮಾ ಅವರ ಕೊನೆಯ ವರ್ಷಗಳು ಚದುರಿದಂತಿದ್ದವು. 1979ರ ಅಕ್ಟೋಬರ್‌ನಲ್ಲಿ ಫ್ರೆಂಚ್ ಕ್ರಾಂತಿಯ ಹಿನ್ನೆಲೆಯ ‘ವರ್ಸೇಲ್ಸ್‌ನ ಗುಲಾಬಿ’ಯನ್ನು ಆರಂಭಿಸಿದ ಅವರು ಮೊದಲ 12 ಕಂತುಗಳ ಬಳಿಕ ನಿರ್ಗಮಿಸಿದರು, ಉಳಿದ ಕಥೆ ಒಸಾಮು ದೆಜಾಕಿ ಅವರ ಕೈಯಲ್ಲಿ ಪ್ರಸಿದ್ಧವಾಯಿತು. ಅನಂತರ ಫ್ರಾನ್ಸ್ ಜೊತೆಗಿನ ಸಹನಿರ್ಮಾಣ ‘ಯುಲಿಸಿಸ್ 31’ರಲ್ಲಿ ತೊಡಗಿಕೊಂಡರು. ಆ ಕೆಲಸದ ನಡುವೆಯೇ ತೀವ್ರ ಯಕೃತ್ತಿನ ಉರಿಯೂತಕ್ಕೆ ತುತ್ತಾಗಿ 1980ರ ನವೆಂಬರ್ 4ರಂದು ಅವರು ನಿಧನರಾದರು. ಆಗ ಅವರಿಗೆ 48 ವರ್ಷ. ಬೇರೆಯವರು ಪೂರ್ಣಗೊಳಿಸಿದ ಆ ಧಾರಾವಾಹಿ 1981ರಲ್ಲಿ ಫ್ರೆಂಚ್ ದೂರದರ್ಶನದಲ್ಲಿ ಬಂತು.

ಮಾರ್ಕೋಸ್ 1986ರಲ್ಲಿ ಪದಚ್ಯುತರಾದ ಬಳಿಕ ಫಿಲಿಪೈನ್ಸ್‌ನ ಪ್ರೇಕ್ಷಕರಿಗೆ ‘ವೋಲ್ಟಿಸ್ ಫೈವ್’ನ ಅಂತ್ಯ ನೋಡಲು ಸಿಕ್ಕಿತು. 2023ರಲ್ಲಿ ಅಲ್ಲಿನ ಜಿಎಂಎ ವಾಹಿನಿ ಅದೇ ಕಥೆಯನ್ನು ನಟರನ್ನಿಟ್ಟು ‘ವೋಲ್ಟಿಸ್ ಫೈವ್: ಲೆಗಸಿ’ ಎಂಬ ಹೆಸರಿನಲ್ಲಿ ಮರುನಿರ್ಮಿಸಿತು. ಹೈನೆಲ್ ಅಲ್ಲಿ ಜಾರ್ದೋಜ್. ಅವನ ತಲೆಯ ಮೇಲೆ ಈಗಲೂ ಅದೇ ಕೊಂಬುಗಳಿವೆ.