ಲಿನಿಯಸ್ ಟ್ರೈಪ್

ಲಿನಿಯಸ್ ಟ್ರೈಪ್ (ಏಪ್ರಿಲ್ 14, 1822 – ಮಾರ್ಚ್ 2, 1902) ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಸೇನೆಯ ಅಧಿಕಾರಿ. ದಕ್ಷಿಣ ಭಾರತ ಮತ್ತು ಬರ್ಮಾ ದೇಶದ ಪ್ರಾಚೀನ ಕಟ್ಟಡಗಳನ್ನು ಛಾಯಾಚಿತ್ರದಲ್ಲಿ ಸೆರೆಹಿಡಿದ ಮೊದಲಿಗರಲ್ಲಿ ಒಬ್ಬ. 1854ರಲ್ಲಿ ಈತನು ಈಗಿನ ಹಾಸನ ಜಿಲ್ಲೆಯ ಹಳೇಬೀಡಿನಲ್ಲಿ ತೆಗೆದ ಚಿತ್ರಗಳು ಹೊಯ್ಸಳ ವಾಸ್ತುಶಿಲ್ಪದ ಅತ್ಯಂತ ಹಳೆಯ ಛಾಯಾಚಿತ್ರಗಳ ಸಾಲಿಗೆ ಸೇರುತ್ತವೆ.

ಆರಂಭಿಕ ಜೀವನ

ಟ್ರೈಪ್ ಹುಟ್ಟಿದ್ದು ಇಂಗ್ಲೆಂಡಿನ ನೈಋತ್ಯ ಕರಾವಳಿಯಲ್ಲಿರುವ ಪ್ಲಿಮತ್ ಡಾಕ್ ಎಂಬ ಊರಿನಲ್ಲಿ. ನೌಕಾಪಡೆಯ ಹಡಗುಕಟ್ಟೆಯನ್ನೇ ಆಶ್ರಯಿಸಿ ಬೆಳೆದಿದ್ದ ಆ ಊರಿಗೆ 1824ರಲ್ಲಿ ಡೆವನ್‌ಪೋರ್ಟ್ ಎಂಬ ಹೆಸರಾಯಿತು. ಹದಿಹರೆಯದಲ್ಲೇ ಕಂಪನಿಯ ಸೇನೆಗೆ ಸೇರಿ ಭಾರತಕ್ಕೆ ಬಂದ ಈತ, 1850ರ ದಶಕದ ಆರಂಭದಲ್ಲಿ ದೀರ್ಘ ರಜೆಯ ಮೇಲೆ ತವರಿಗೆ ಮರಳಿದ್ದಾಗ ಛಾಯಾಗ್ರಹಣವನ್ನು ಕಲಿತನು. ಈತನ ಮೊದಲ ಚಿತ್ರಗಳು ತನ್ನ ಕಡಲತೀರದ ಊರು ಮತ್ತು ಅದರ ಆಸುಪಾಸಿನವು. 1853ರಲ್ಲಿ, ಅದೇ ವರ್ಷ ಸ್ಥಾಪನೆಯಾದ ಲಂಡನ್ನಿನ ಛಾಯಾಗ್ರಹಣ ಸಂಘದ ಸದಸ್ಯನಾದನು.

ಮೈಸೂರು ಸೀಮೆಯಲ್ಲಿ

1854ರಲ್ಲಿ ಬೆಂಗಳೂರಿಗೆ ಹಿಂದಿರುಗಿದ ಟ್ರೈಪ್, ಆ ವರ್ಷದ ಡಿಸೆಂಬರಿನಲ್ಲಿ ಸೇನಾ ವೈದ್ಯನಾಗಿದ್ದ ಆಂಡ್ರ್ಯೂ ನೀಲ್ ಎಂಬುವನೊಡನೆ ಹಳೇಬೀಡು, ಬೇಲೂರುಗಳತ್ತ ಪ್ರವಾಸ ಕೈಗೊಂಡನು. ಇದು ಸರಕಾರ ವಹಿಸಿದ ಕೆಲಸವಾಗಿರಲಿಲ್ಲ, ಸ್ವಂತ ಆಸಕ್ತಿಯ ಪ್ರಯಾಣ. ಬೆಳಕಿಗೆ ಸ್ಪಂದಿಸುವ ರಾಸಾಯನಿಕಗಳನ್ನು ಲೇಪಿಸಿದ ಕಾಗದವೇ ಆಗ ಈತನಿಗೆ ಫಿಲ್ಮು. ಚಿತ್ರವನ್ನು ಹಿಗ್ಗಿಸುವ ಅನುಕೂಲ ಇರಲಿಲ್ಲವಾದ್ದರಿಂದ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವ್, ಅದಕ್ಕೆ ತಕ್ಕ ದೊಡ್ಡ ಕ್ಯಾಮೆರಾ ಬೇಕಾಗುತ್ತಿತ್ತು. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೀಳಬೇಕಾಗಿದ್ದುದರಿಂದ ನಡೆದಾಡುವ ಜನರಾಗಲಿ ದನಕರುಗಳಾಗಲಿ ಅದರಲ್ಲಿ ಮೂಡುತ್ತಿರಲಿಲ್ಲ. ಹಳೆಯ ಚಿತ್ರಗಳಲ್ಲಿ ದೇವಾಲಯಗಳು ನಿರ್ಜನವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಊರೇ ಪಾಳು ಬಿದ್ದಿತ್ತೆಂದು ವಿದ್ಯಾರ್ಥಿಗಳು ತಿಳಿಯಬಾರದು.

1855ರ ಫೆಬ್ರವರಿಯಲ್ಲಿ ಮದ್ರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಟ್ರೈಪ್ 68 ಚಿತ್ರಗಳನ್ನು ಇರಿಸಿದನು. ತೀರ್ಪುಗಾರರು ಅವನ್ನು ಕಾಗದದ ಮೇಲಿನ ದೃಶ್ಯಚಿತ್ರಗಳಲ್ಲಿ ಅತ್ಯುತ್ತಮವೆಂದು ಪರಿಗಣಿಸಿದರು.

ಸರಕಾರಿ ಛಾಯಾಗ್ರಾಹಕ

ಈ ಯಶಸ್ಸಿನ ಬೆನ್ನಿಗೇ, ಅದೇ ವರ್ಷ ಬರ್ಮಾದ ರಾಜಧಾನಿ ಅಮರಪುರಕ್ಕೆ ಹೊರಟ ರಾಯಭಾರ ನಿಯೋಗಕ್ಕೆ ಟ್ರೈಪ್ ಛಾಯಾಗ್ರಾಹಕನಾಗಿ ನೇಮಕಗೊಂಡನು. ಅಲ್ಲಿಂದ ತಂದ 200ಕ್ಕೂ ಹೆಚ್ಚು ನೆಗೆಟಿವ್‌ಗಳಿಂದ 120ನ್ನು ಆಯ್ದು ಸಂಪುಟಗಳನ್ನು ಸಿದ್ಧಪಡಿಸಿದನು. ಆ ಕಾಲದ ನೆಗೆಟಿವ್‌ಗಳಲ್ಲಿ ಆಕಾಶವು ಬರಿದಾಗಿ ಬರುತ್ತಿತ್ತು. ಅದನ್ನು ಸಹಿಸದ ಟ್ರೈಪ್, ನೆಗೆಟಿವ್ ಮೇಲೆ ಕುಂಚದಿಂದ ಮೋಡಗಳನ್ನು ಬರೆಯುತ್ತಿದ್ದನು. ದಾಖಲೆಗಾರನಿಗೆ ಇದು ತಕ್ಕುದೇ ಎಂಬ ಪ್ರಶ್ನೆ ಏಳಬಹುದು, ಆದರೆ ಚಿತ್ರಗಳ ಸೊಬಗಿಗೆ ಆ ಕೈಚಳಕವೂ ಕಾರಣವೆಂಬುದನ್ನು ಅಲ್ಲಗಳೆಯಲಾಗದು.

ಮುಂದೆ ಮದ್ರಾಸು ಪ್ರಾಂತದ ಸರಕಾರಿ ಛಾಯಾಗ್ರಾಹಕನಾಗಿ 1857ರ ಡಿಸೆಂಬರಿನಿಂದ ಶ್ರೀರಂಗ, ಪುದುಕೋಟೆ, ಮಧುರೆ, ತಂಜಾವೂರು ಮೊದಲಾದ ಕಡೆ ಸಂಚರಿಸಿದನು. ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಮೇಲಿನ ಶಾಸನವನ್ನು 21 ಚಿತ್ರಗಳಲ್ಲಿ ತೆಗೆದು, ಅವನ್ನು ಸುಮಾರು 19 ಅಡಿ ಉದ್ದದ ಒಂದೇ ಪಟ್ಟಿಯಾಗಿ ಜೋಡಿಸಿದನು. 1858ರಲ್ಲಿ ಮದ್ರಾಸಿನಲ್ಲಿದ್ದ ಅಮರಾವತಿ ಶಿಲ್ಪಗಳನ್ನೂ ಚಿತ್ರಿಸಿದನು.

1859ರಲ್ಲಿ ಮದ್ರಾಸಿನ ಗವರ್ನರನಾಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಈ ಕಾರ್ಯವನ್ನು ದುಂದುವೆಚ್ಚವೆಂದು ಬಗೆದು ನಿಲ್ಲಿಸಿದನು. ಟ್ರೈಪನಿಗೆ ಆಗ ಮೂವತ್ತೇಳು ವಯಸ್ಸು. ಅಲ್ಲಿಗೆ ಈತನ ಛಾಯಾಗ್ರಹಣ ಬಹುಮಟ್ಟಿಗೆ ಮುಗಿಯಿತು. ಉಳಿದ ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ತೆಗೆದದ್ದು ಬೆರಳೆಣಿಕೆಯ ಚಿತ್ರಗಳು. ಸೇನೆಯ ಕೆಲಸದಲ್ಲಿ ಮುಂದುವರಿದು, 1870ರ ದಶಕದಲ್ಲಿ ನಿವೃತ್ತನಾಗಿ ಡೆವನ್‌ಪೋರ್ಟಿಗೆ ಮರಳಿದನು. ಅಲ್ಲಿಯೇ ನಿಧನ ಹೊಂದಿದನು.

ಚಿತ್ರಗಳ ಮಹತ್ವ

ಟ್ರೈಪ್ ಬಂದುಹೋದ ಮೇಲೆ ಹಳೇಬೀಡಿನ ಚಿತ್ರಗಳ ಒಂದು ಪುಸ್ತಕವನ್ನು ರಿಚರ್ಡ್ ಬ್ಯಾನರ್ ಓಕ್ಲಿ 1859ರಲ್ಲಿ ಹೊರತಂದನು. ನೀಲನ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ ಅಚ್ಚಾದವು. ಇವೆಲ್ಲ ದುರಸ್ತಿ, ಬೇಲಿ, ಹುಲ್ಲುಹಾಸುಗಳಿಗಿಂತ ಹಿಂದಿನವು. ಹಳೇಬೀಡಿನ ಕೇದಾರೇಶ್ವರ ದೇವಾಲಯದ ಶಿಖರದಲ್ಲಿ ಆಗ ಮರವೊಂದು ಬೇರೂರಿ ಕಲ್ಲುಗಳನ್ನು ಸಡಿಲಿಸುತ್ತಿತ್ತು. ಇಂದು ಆ ದೇವಾಲಯಕ್ಕೆ ಶಿಖರವೇ ಇಲ್ಲ. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗುವವರು ಈ ಹಳೆಯ ಚಿತ್ರಗಳನ್ನು ಮೊದಲು ನೋಡಿಕೊಂಡು ಹೋಗುವುದು ಒಳಿತು.

2014–15ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ಟ್ರೈಪನ ಚಿತ್ರಗಳ ಪ್ರದರ್ಶನ ನಡೆಯಿತು.