ಕಡಲಿನ ಪರವಾಗಿ ಬರೆದ ವಿಜ್ಞಾನಿ ರೇಚಲ್ ಕಾರ್ಸನ್



ಮನೆಯ ಕಷ್ಟದಿಂದ ಓದು ಅರ್ಧಕ್ಕೆ ನಿಂತರೆ, ಅಲ್ಲಿಯವರೆಗೆ ಕಲಿತದ್ದೆಲ್ಲ ವ್ಯರ್ಥವಾಯಿತೆಂದು ಹಲವರು ಭಾವಿಸುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಅಂಥವರು ಅಮೆರಿಕದ ಸಾಗರ ಜೀವವಿಜ್ಞಾನಿ ರೇಚಲ್ ಕಾರ್ಸನ್ ಅವರ ಬದುಕನ್ನು ಒಮ್ಮೆ ತಿಳಿಯಬೇಕು.

ರೇಚಲ್ 1907ರ ಮೇ 27ರಂದು ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ ಜನಿಸಿದರು. ಸಮುದ್ರ ಅಲ್ಲಿಂದ ಬಹುದೂರ. ಹಿಂದೆ ಶಿಕ್ಷಕಿಯಾಗಿದ್ದ ತಾಯಿ ಮರಿಯಾ ಮಗಳನ್ನು ಹೊಲ, ತೋಪುಗಳಲ್ಲಿ ಸುತ್ತಾಡಿಸಿ ಹಕ್ಕಿ, ಹುಳು, ಹೂಗಳನ್ನು ಪರಿಚಯಿಸಿದರು. ಮನೆಯಲ್ಲಿ ಹಣದ ಅಡಚಣೆ ಇತ್ತು. ಮಗಳ ಕಾಲೇಜು ಶುಲ್ಕಕ್ಕಾಗಿ ತಾಯಿ ಪಿಯಾನೊ ಪಾಠ ಹೇಳಿದರು, ಮನೆಯ ಪಿಂಗಾಣಿ ಪಾತ್ರೆಗಳನ್ನೂ ಮಾರಿದರು. ಲೇಖಕಿಯಾಗುವ ಆಸೆಯಿಂದ ಇಂಗ್ಲಿಷ್ ಸಾಹಿತ್ಯ ಆರಿಸಿಕೊಂಡಿದ್ದ ರೇಚಲ್, ಮೇರಿ ಸ್ಕಿಂಕರ್ ಎಂಬ ಅಧ್ಯಾಪಕಿಯ ಪಾಠದಿಂದ ಪ್ರಭಾವಿತರಾಗಿ ಜೀವವಿಜ್ಞಾನಕ್ಕೆ ಬಂದರು. 1929ರಲ್ಲಿ ಪದವಿ ಮುಗಿಸಿ ವುಡ್ಸ್ ಹೋಲ್‌ನ ಸಾಗರ ಪ್ರಯೋಗಾಲಯಕ್ಕೆ ಹೋದಾಗಲೇ ಅವರು ಮೊದಲ ಬಾರಿಗೆ ಸಮುದ್ರವನ್ನು ಕಂಡದ್ದು.

1932ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಸಂಸಾರದ ಭಾರ ಹೊರಬೇಕಾಗಿ ಬಂದು 1934ರಲ್ಲಿ ಡಾಕ್ಟರೇಟ್ ಆಸೆಯನ್ನು ಕೈಬಿಟ್ಟರು. ಮರುವರ್ಷ ತಂದೆ ತೀರಿಕೊಂಡರು. 1937ರಲ್ಲಿ ಅಕ್ಕನೂ ತೀರಿಕೊಂಡಾಗ ಅವರ ಇಬ್ಬರು ಹೆಣ್ಣುಮಕ್ಕಳ ಹೊಣೆ ರೇಚಲ್ ಮತ್ತು ಅವರ ತಾಯಿಯ ಮೇಲೆ ಬಿತ್ತು.

ಈ ನಡುವೆ ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ರೇಡಿಯೊಗಾಗಿ ಕಡಲಜೀವಿಗಳ ಕುರಿತು 52 ಕಿರು ಕಾರ್ಯಕ್ರಮಗಳನ್ನು ಬರೆಯುವ ಕೆಲಸ ಸಿಕ್ಕಿತು. 1936ರಲ್ಲಿ ಸ್ಪರ್ಧಾ ಪರೀಕ್ಷೆ ಬರೆದು ಅದೇ ಇಲಾಖೆಯಲ್ಲಿ ಜೀವವಿಜ್ಞಾನಿಯಾಗಿ ನೇಮಕಗೊಂಡರು. ವಿಜ್ಞಾನಿಗಳ ವರದಿಗಳನ್ನು ಓದಿ, ಜನಸಾಮಾನ್ಯರಿಗೆ ತಿಳಿಯುವಂತೆ ಬರೆಯುವುದೇ ಅವರ ಮುಖ್ಯ ಕೆಲಸವಾಗಿತ್ತು. ಬಿಟ್ಟುಬಂದ ಸಾಹಿತ್ಯ ಮತ್ತು ಅರ್ಧಕ್ಕೆ ನಿಂತ ವಿಜ್ಞಾನ ಎರಡೂ ಇಲ್ಲಿ ಕೈಹಿಡಿದವು.

ಎರಡನೇ ಮಹಾಯುದ್ಧದಲ್ಲಿ ಮಾಂಸದ ಕೊರತೆ ಉಂಟಾದಾಗ, ಜನ ಅಷ್ಟಾಗಿ ಬಳಸದಿದ್ದ ಮೀನುಗಳ ಬಗ್ಗೆ ಗೃಹಿಣಿಯರಿಗಾಗಿ ಕೈಪಿಡಿಗಳನ್ನು ಬರೆದರು. ಎಲ್ಲರೂ ಕೆಲವೇ ಜಾತಿಯ ಮೀನುಗಳನ್ನು ಬಯಸಿದರೆ ಅವು ಬರಿದಾಗುತ್ತವೆ; ಹಲವು ಬಗೆಯ ಮೀನು ತಿಂದರೆ ಆ ಒತ್ತಡ ಹಂಚಿಹೋಗುತ್ತದೆ. ಕಡಲ ಸಂಪತ್ತನ್ನು ಜಾಣತನದಿಂದ ಬಳಸುವ ಈ ಪಾಠವನ್ನು ಅವರು ಅಡುಗೆಮನೆಯವರೆಗೆ ಮುಟ್ಟಿಸಿದರು. 1947ರಿಂದ ಚಿಂಕಟೀಗ್, ಪಾರ್ಕರ್ ರಿವರ್ ಮುಂತಾದ ಕರಾವಳಿಯ ವನ್ಯಜೀವಿ ಧಾಮಗಳ ಬಗ್ಗೆ ಕಿರುಪುಸ್ತಕಗಳನ್ನು ಬರೆದು, ವಲಸೆ ಹಕ್ಕಿಗಳಿಗೆ ಜೌಗುನೆಲ ಏಕೆ ಬೇಕೆಂದು ವಿವರಿಸಿದರು. 1949ರಲ್ಲಿ ಇಲಾಖೆಯ ಪ್ರಕಟಣೆಗಳ ಮುಖ್ಯ ಸಂಪಾದಕಿಯಾದರು.

ಹಗಲು ಕಚೇರಿ, ರಾತ್ರಿ ಬರವಣಿಗೆ. 1941ರಲ್ಲಿ ಬಂದ ಮೊದಲ ಪುಸ್ತಕ ಯುದ್ಧದ ಗದ್ದಲದಲ್ಲಿ ಮರೆಯಾಯಿತು. ಆದರೂ ಅವರು ಎದೆಗುಂದಲಿಲ್ಲ. 1951ರಲ್ಲಿ ಪ್ರಕಟವಾದ 'ದಿ ಸೀ ಅರೌಂಡ್ ಅಸ್' ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜನಪ್ರಿಯ ಪುಸ್ತಕಗಳ ಪಟ್ಟಿಯಲ್ಲಿ 86 ವಾರ ಉಳಿಯಿತು. 1952ರಲ್ಲಿ ನೌಕರಿ ಬಿಟ್ಟು ಪೂರ್ಣಾವಧಿ ಲೇಖಕಿಯಾದರು. ಆ ಪುಸ್ತಕದ 1961ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ, ಪರಮಾಣು ತ್ಯಾಜ್ಯವನ್ನು ಸಮುದ್ರಕ್ಕೆ ಸುರಿಯುವುದರ ಅಪಾಯವನ್ನು ಸಾರಿದರು. ಸೂಕ್ಷ್ಮಜೀವಿಯಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ ಆ ವಿಷ ಮರಳಿ ಬರುತ್ತದೆಂದು ಎಚ್ಚರಿಸಿದರು.

1962ರ 'ಸೈಲೆಂಟ್ ಸ್ಪ್ರಿಂಗ್' ಡಿಡಿಟಿಯಂಥ ಕೀಟನಾಶಕಗಳ ವಿವೇಚನೆಯಿಲ್ಲದ ಬಳಕೆಯನ್ನು ಪ್ರಶ್ನಿಸಿದ ಗ್ರಂಥ. ಅದರಲ್ಲೂ ಕರಾವಳಿಯ ಕಥೆಯಿದೆ. 1955ರಲ್ಲಿ ಫ್ಲಾರಿಡಾದ ಸುಮಾರು 2,000 ಎಕರೆ ಉಪ್ಪುನೀರಿನ ಜೌಗಿಗೆ, ಕಚ್ಚುವ ನೊಣಗಳ ಮರಿಹುಳುಗಳನ್ನು ಕೊಲ್ಲಲು ಡೀಲ್ಡ್ರಿನ್ ಸಿಂಪಡಿಸಲಾಗಿತ್ತು. ಅದರಿಂದ ಸತ್ತ ಮೀನುಗಳು 11 ಲಕ್ಷಕ್ಕೂ ಹೆಚ್ಚು! ರಾಸಾಯನಿಕ ಕಂಪನಿಗಳು ರೇಚಲ್ ಮೇಲೆ ಹರಿಹಾಯ್ದವು. ಹೆಂಗಸೆಂದೂ, ಡಾಕ್ಟರೇಟ್ ಇಲ್ಲದವರೆಂದೂ ಟೀಕಾಕಾರರು ಹೀಗಳೆದರು. ಅವರು ಕೋಪಗೊಳ್ಳದೆ ಪುರಾವೆಗಳನ್ನು ಮುಂದಿಟ್ಟರು. ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ 1963ರ ವರದಿ ಅವರ ಕಳವಳವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಅಷ್ಟುಹೊತ್ತಿಗೆ ಕ್ಯಾನ್ಸರ್ ಅವರ ದೇಹವನ್ನು ಆವರಿಸಿತ್ತು. ಆ ನೋವನ್ನು ಲೋಕಕ್ಕೆ ತಿಳಿಸದೆ, ಅದೇ ವರ್ಷ ಸೆನೆಟ್ ಸಮಿತಿಯ ಮುಂದೆ ಹಾಜರಾಗಿ ಹೇಳಿಕೆ ನೀಡಿದರು. 1964ರ ಏಪ್ರಿಲ್ 14ರಂದು, 56ನೇ ವಯಸ್ಸಿನಲ್ಲಿ ನಿಧನರಾದರು.

1972ರಲ್ಲಿ ಅಮೆರಿಕ ಡಿಡಿಟಿಯ ಬಹುಪಾಲು ಬಳಕೆಯನ್ನು ನಿಷೇಧಿಸಿತು. 1993ರಲ್ಲಿ ಲಂಡನ್ ಒಪ್ಪಂದದ ರಾಷ್ಟ್ರಗಳು ವಿಕಿರಣ ತ್ಯಾಜ್ಯವನ್ನು ಸಮುದ್ರಕ್ಕೆ ಸುರಿಯುವುದನ್ನು ನಿಲ್ಲಿಸಲು ತೀರ್ಮಾನಿಸಿದವು. ಮೇಯ್ನ್ ರಾಜ್ಯದ ಕರಾವಳಿಯಲ್ಲಿ ಅವರ ಹೆಸರಿನ ವನ್ಯಜೀವಿ ಧಾಮ ಇಂದಿಗೂ ಹಕ್ಕಿಗಳಿಗೆ ಆಸರೆಯಾಗಿದೆ.

ಓದುಗರೇ, ಪಡೆದ ವಿದ್ಯೆ ಒಂದು ಅಮಾನತ್. ಈ ನೆಲ, ಜಲ, ಕಡಲೂ ನಮ್ಮ ಕೈಗೆ ಬಂದ ಅಮಾನತ್. ರೇಚಲ್ ಕಾರ್ಸನ್ ತಾವು ಕಲಿತಷ್ಟನ್ನು ಪೂರ್ತಿಯಾಗಿ ಬಳಸಿ ಕಡಲನ್ನು ಕಾದರು. ನಿಮ್ಮ ಮನೆಯಲ್ಲಿ ಓದು ನಿಲ್ಲಿಸಿದ ಮಗಳೋ ತಂಗಿಯೋ ಇದ್ದರೆ ಅವಳ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಅವಳು ಕಲಿತದ್ದು ಮುಂದೆ ಯಾವ ಕೆಲಸಕ್ಕೆ ಬರುವುದೋ ಬಲ್ಲವರಾರು?