ಹೊಲಿಗೆ ಯಂತ್ರವನ್ನೇ ತಿರುಗಿಸಿಟ್ಟ ಮಾರ್ಗರೆಟ್

ಬಯೋಡೇಟಾ ಬರೆಯುವಾಗ ‘ಹವ್ಯಾಸಗಳು’ ಎಂಬ ಕಾಲಂ ಬಂದ ಕೂಡಲೇ ನಮ್ಮಲ್ಲಿ ಹಲವರ ಪೆನ್ನು ನಿಂತುಬಿಡುತ್ತದೆ. ಪುಸ್ತಕ ಓದುವುದು, ಹಾಡು ಕೇಳುವುದು ಎಂದು ಬರೆದು ಮುಗಿಸುತ್ತೇವೆ. ನನ್ನ ಹವ್ಯಾಸ ಬಟ್ಟೆಯ ಗೊಂಬೆ ಹೊಲಿಯುವುದು. ಅಮ್ಮನ ಹಳೆಯ ಕಾಟನ್ ಸೀರೆ, ಟೈಲರ್ ಅಂಗಡಿಯಲ್ಲಿ ಉಳಿದ ತುಂಡುಬಟ್ಟೆ, ಒಳಗೆ ತುಂಬಲು ಹತ್ತಿ, ಕಣ್ಣಿಗೆ ಎರಡು ಗುಂಡಿ ಇದ್ದರೆ ನನ್ನ ಭಾನುವಾರ ಕಳೆಯುತ್ತದೆ. ಚಳಿಗಾಲ ಬಂದರೆ ಉಲ್ಲನ್ ಹಿಡಿದು ಟೋಪಿ, ಮಫ್ಲರ್ ಹೆಣೆಯುತ್ತೇನೆ. ಆದರೆ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗಿ ಗೊಂಬೆ ಹೊಲಿಯುತ್ತಾ ಕೂತರೆ ಮನೆಗೆ ಬಂದ ನೆಂಟರಿಗೆ ನಗು. ಅದು ಮಕ್ಕಳಾಟ, ಅದರಿಂದ ಏನು ಸಿಗುತ್ತದೆ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆ ಒಮ್ಮೊಮ್ಮೆ ನನ್ನದೂ ಆಗಿತ್ತು.

ಹೀಗಿರುವಾಗ ನಾನು ಮಾರ್ಗರೆಟ್ ಸ್ಟೈಫ್ ಅವರ ಬಗ್ಗೆ ಓದಿದೆ. ಜಗತ್ತಿನ ಎಷ್ಟೋ ಮಕ್ಕಳು ಅಪ್ಪಿಕೊಂಡು ಮಲಗುವ ಟೆಡ್ಡಿ ಕರಡಿಯ ಹಿಂದೆ ಇರುವ ಹೆಸರುಗಳಲ್ಲಿ ಅವರದೂ ಒಂದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕರಡಿಯಲ್ಲ. ಅದಕ್ಕೂ ಮೊದಲಿನ ಐವತ್ತು ವರ್ಷಗಳ ಅವರ ಬದುಕು.

ಮಾರ್ಗರೆಟ್ ಹುಟ್ಟಿದ್ದು 1847ರ ಜುಲೈ 24ರಂದು, ದಕ್ಷಿಣ ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನಲ್ಲಿ. ತಂದೆ ಫ್ರೀಡ್ರಿಕ್ ಮನೆ ಕಟ್ಟುವ ಮೇಸ್ತ್ರಿ. ನಾಲ್ಕು ಮಕ್ಕಳಲ್ಲಿ ಈಕೆ ಮೂರನೆಯವಳು. ಇಬ್ಬರು ಅಕ್ಕಂದಿರು, ಒಬ್ಬ ತಮ್ಮ. ಒಂದೂವರೆ ವರ್ಷದ ಮಗುವಿದ್ದಾಗ ಜೋರು ಜ್ವರ ಬಂತು. ಜ್ವರ ಇಳಿದ ಮೇಲೆ ನೋಡಿದರೆ ಎರಡೂ ಕಾಲುಗಳಲ್ಲಿ ಶಕ್ತಿಯಿಲ್ಲ, ಬಲಗೈ ಎತ್ತಿದರೆ ನೋವು. ಅದು ಪೋಲಿಯೊ. ಎರಡು ಹನಿ ಲಸಿಕೆ ಹಾಕಿಸಿಕೊಂಡು ಬೆಳೆದ ನಮ್ಮ ತಲೆಮಾರಿಗೆ ಆ ಕಾಯಿಲೆಯ ಭಯ ಗೊತ್ತಿಲ್ಲ. ಆಗ ಲಸಿಕೆಯೂ ಇರಲಿಲ್ಲ, ಮದ್ದೂ ಇರಲಿಲ್ಲ. ನಡೆಯಲಾಗದ ಹೆಣ್ಣುಮಗು ಎಂದರೆ ಮದುವೆಯಿಲ್ಲ, ದುಡಿಮೆಯಿಲ್ಲ, ಕೊನೆಯವರೆಗೂ ಮನೆಯವರ ಮೇಲೆ ಭಾರ ಎಂದೇ ಜನ ತಿಳಿಯುತ್ತಿದ್ದ ಕಾಲ ಅದು.

ಆದರೂ ಆಕೆ ಶಾಲೆ ತಪ್ಪಿಸಲಿಲ್ಲ. ಒಡಹುಟ್ಟಿದವರು, ನೆರೆಮನೆಯ ಮಕ್ಕಳು ಆಕೆಯನ್ನು ಮರದ ಕೈಗಾಡಿಯಲ್ಲಿ ಕೂರಿಸಿ ಎಳೆದುಕೊಂಡು ಹೋಗುತ್ತಿದ್ದರು. ತರಗತಿಯೊಳಗೆ ಯಾರಾದರೂ ಎತ್ತಿಕೊಂಡು ಹೋಗಬೇಕಿತ್ತು. ಓದಿನಲ್ಲಿ ಚುರುಕು, ಮಾತಿನಲ್ಲಿ ತಮಾಷೆ. ಬೀದಿಯಲ್ಲಿ ಮಕ್ಕಳು ಆಡುವಾಗ ಗಾಡಿಯಲ್ಲಿ ಕೂತೇ ಹೊಸ ಹೊಸ ಆಟ ಹುಟ್ಟುಹಾಕುತ್ತಿದ್ದಳು. ಮಕ್ಕಳು ಆಕೆಯ ಸುತ್ತಲೇ ಸೇರುತ್ತಿದ್ದರು. ಮಕ್ಕಳಿಗೆ ಯಾವುದು ಇಷ್ಟ, ಯಾವುದು ಬೇಡ ಎಂಬುದು ಬಹುಶಃ ಅಲ್ಲಿಯೇ ಅವರ ಮನಸ್ಸಿಗೆ ಇಳಿದಿರಬೇಕು.

ಒಂಬತ್ತು ವರ್ಷವಾದಾಗ ಮನೆಯವರು ಆಕೆಯನ್ನು ಲುಡ್ವಿಗ್ಸ್‌ಬರ್ಗ್‌ನ ವೈದ್ಯರೊಬ್ಬರ ಬಳಿಗೆ ಕಳಿಸಿದರು. ಶಸ್ತ್ರಚಿಕಿತ್ಸೆಯೂ ಆಯಿತು. ಅಲ್ಲಿಂದ ವಿಲ್ಡ್‌ಬಾಡ್ ಎಂಬ ಊರಿನ ಬಿಸಿನೀರಿನ ಬುಗ್ಗೆಗಳಲ್ಲಿ ಚಿಕಿತ್ಸೆ. ಪ್ರತಿಸಲವೂ ಈ ಬಾರಿ ಕಾಲು ಬರಬಹುದು ಎಂಬ ಆಸೆ, ಪ್ರತಿಸಲವೂ ನಿರಾಸೆ. ವರ್ಷಗಳು ಹೀಗೇ ಹೋದವು. ಹದಿನೇಳರ ಹೊತ್ತಿಗೆ ಮಾರ್ಗರೆಟ್ ಒಂದು ತೀರ್ಮಾನಕ್ಕೆ ಬಂದರು. ವಾಸಿಯಾಗುವ ದಿನವನ್ನು ಕಾಯುತ್ತಾ ಕೂತರೆ ಬದುಕು ಕಾಯುವುದರಲ್ಲೇ ಮುಗಿದುಹೋಗುತ್ತದೆ. ದೇವರು ಕಾಲು ಕೊಟ್ಟಿಲ್ಲ ಎಂದಮೇಲೆ ಇರುವ ಕೈಯಿಂದಲೇ ಏನಾದರೂ ಆಗಬೇಕು. ಚಿಕಿತ್ಸೆಗಾಗಿ ಅಲೆಯುವುದನ್ನು ನಿಲ್ಲಿಸಿದ ಆ ತೀರ್ಮಾನವೇ ಅವರ ಬದುಕಿನ ತಿರುವು ಎಂದು ನನಗೆ ಅನಿಸುತ್ತದೆ.

ಇರುವ ಕೈ ಎಂದೆ. ಅದೂ ಪೂರ್ತಿ ಇರಲಿಲ್ಲವಲ್ಲ! ಹಟ ಹಿಡಿದು ಹೊಲಿಗೆ ಶಾಲೆಗೆ ಸೇರಿದಾಗ ಬಲಗೈ ಸಹಕರಿಸದೆ ಒಂದೊಂದು ಹೊಲಿಗೆಗೂ ಒದ್ದಾಡಬೇಕಾಯಿತು. ನೆಟ್ಟಗಿರುವ ಎರಡು ಕೈ ಇದ್ದೂ ಮೊದಲ ದಿನ ಸೂಜಿಗೆ ದಾರ ಪೋಣಿಸಲು ಬೆವರಿದ ನನಗೆ ಆ ಕಷ್ಟ ಸ್ವಲ್ಪ ಅರ್ಥವಾಗುತ್ತದೆ. ಆದರೆ ಅವರು ಬಿಡಲಿಲ್ಲ. ನಿಧಾನವಾಗಿಯಾದರೂ ಒಳ್ಳೆಯ ಹೊಲಿಗೆಗಾರ್ತಿಯಾದರು. ಇದರ ಜೊತೆಗೆ ಝಿತರ್ ಎಂಬ ತಂತಿವಾದ್ಯ ಕಲಿತು, ಬೇರೆಯವರಿಗೆ ಪಾಠ ಹೇಳಿ ಕೈಕಾಸು ಸಂಪಾದಿಸಿದರು.

ಅಕ್ಕಂದಿರು ಬಟ್ಟೆ ಹೊಲಿದುಕೊಡುವ ಕೆಲಸ ಆರಂಭಿಸಿದಾಗ ಮಾರ್ಗರೆಟ್ ಕೂಡ ಸೇರಿಕೊಂಡರು. ಕೆಲವು ವರ್ಷಗಳಲ್ಲಿ ಅವರ ಮನೆಗೆ ಹೊಲಿಗೆ ಯಂತ್ರ ಬಂತು. ಆ ಊರಿಗೇ ಅದು ಮೊದಲನೆಯದು. ಆದರೆ ಒಂದು ತೊಡಕು. ಕೈಯಿಂದ ತಿರುಗಿಸುವ ಯಂತ್ರದ ಚಕ್ರ ಇರುವುದು ಬಲಗಡೆ. ಮಾರ್ಗರೆಟ್ ಅವರ ಬಲಗೈಗೆ ಅದನ್ನು ತಿರುಗಿಸುವ ಶಕ್ತಿಯಿಲ್ಲ. ಕಾಲಿನಿಂದ ತುಳಿಯುವ ಮಾತಂತೂ ಇಲ್ಲವೇ ಇಲ್ಲ. ಅವರು ಮಾಡಿದ್ದಿಷ್ಟೇ: ಯಂತ್ರವನ್ನು ಹಿಂದುಮುಂದಾಗಿ ತಿರುಗಿಸಿಟ್ಟರು. ಚಕ್ರ ಎಡಗಡೆಗೆ ಬಂತು. ಎಡಗೈಯಿಂದ ಅದನ್ನು ತಿರುಗಿಸುತ್ತಾ ಹೊಲಿದರು. ಯಂತ್ರಕ್ಕೆ ತಕ್ಕಂತೆ ತಾನು ಇಲ್ಲ ಎಂದು ಕೊರಗುವ ಬದಲು ತನಗೆ ತಕ್ಕಂತೆ ಯಂತ್ರವನ್ನೇ ಕೂರಿಸಿದರು. ಎಷ್ಟು ಸಣ್ಣ ಉಪಾಯ! ಆದರೆ ಹೊಳೆಯಬೇಕಲ್ಲ.

ಅಕ್ಕಂದಿರಿಗೆ ಮದುವೆಯಾಗಿ ಅವರು ಬೇರೆಯಾದ ಮೇಲೂ ಮಾರ್ಗರೆಟ್ ಕೆಲಸ ನಿಲ್ಲಿಸಲಿಲ್ಲ. ತಂದೆ ಮನೆಯಲ್ಲೇ ಅವರಿಗೊಂದು ಕೆಲಸದ ಕೋಣೆ ಮಾಡಿಕೊಟ್ಟರು. ಊರಿನಲ್ಲಿದ್ದ ಫೆಲ್ಟ್ ಕಾರ್ಖಾನೆ ಅವರ ಸಂಬಂಧಿಕರದು. ಫೆಲ್ಟ್ ಎಂದರೆ ನೇಯ್ದ ಬಟ್ಟೆಯಲ್ಲ. ಉಣ್ಣೆಯ ಎಳೆಗಳನ್ನು ಬಿಸಿನೀರಿನಲ್ಲಿ ಅದುಮಿ ಅದುಮಿ ಹಾಳೆಯಂತೆ ಮಾಡುವ ದಪ್ಪ ಬಟ್ಟೆ. ಕತ್ತರಿಸಿದರೆ ಅಂಚಿನಲ್ಲಿ ದಾರ ಬಿಚ್ಚಿಕೊಳ್ಳುವುದಿಲ್ಲ, ಮಡಚಿ ಹೊಲಿಯುವ ರಗಳೆಯಿಲ್ಲ. 1877ರಲ್ಲಿ ಸಂಬಂಧಿಕರ ಒತ್ತಾಸೆಯಿಂದ ಮಾರ್ಗರೆಟ್ ಫೆಲ್ಟ್ ಉಡುಪುಗಳ ಅಂಗಡಿ ತೆರೆದರು. ಹೆಂಗಸರ ಒಳಲಂಗ, ಮಕ್ಕಳ ಕೋಟು ಚೆನ್ನಾಗಿ ಮಾರಾಟವಾದವು. ಬೇಡಿಕೆ ಹೆಚ್ಚಾದಂತೆ ಊರಿನ ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡರು. ಭಾರವಾಗುತ್ತಾಳೆ ಎಂದುಕೊಂಡಿದ್ದ ಹೆಣ್ಣು ಈಗ ನಾಲ್ಕು ಜನರಿಗೆ ಸಂಬಳ ಕೊಡುವಂತಾಗಿದ್ದರು.

ಇನ್ನು ಆನೆಯ ವಿಷಯಕ್ಕೆ ಬರುತ್ತೇನೆ. 1879ರ ಡಿಸೆಂಬರ್‌ನಲ್ಲಿ ಒಂದು ಫ್ಯಾಷನ್ ಪತ್ರಿಕೆಯಲ್ಲಿ ಪುಟ್ಟ ಆನೆಯ ಪ್ಯಾಟರ್ನ್ ಅಚ್ಚಾಗಿತ್ತು. ಅದನ್ನು ನೋಡಿ ಮಾರ್ಗರೆಟ್ ಫೆಲ್ಟ್‌ನಿಂದ ಆನೆ ಹೊಲಿದು, ಒಳಗೆ ಮೆತ್ತನೆಯ ಕುರಿಯ ಉಣ್ಣೆ ತುಂಬಿದರು. ಗೊಂಬೆ ಹೊಲಿದವರಿಗೆ ಗೊತ್ತು, ಸೊಂಡಿಲಿನಂಥ ಸಣ್ಣ ಭಾಗ ತುಂಬುವಾಗ ಎಷ್ಟು ಸತಾಯಿಸುತ್ತದೆ ಎಂದು. ಆದರೆ ಅದನ್ನು ಮಾಡಿದ್ದು ಆಟಿಕೆಯಾಗಿ ಅಲ್ಲ, ಹೊಲಿಯುವವರು ಸೂಜಿ ಚುಚ್ಚಿಡುವ ಮೆತ್ತೆಯಾಗಿ. ಮನೆಯವರಿಗೆ, ಪರಿಚಯದವರಿಗೆ ಉಡುಗೊರೆ ಕೊಟ್ಟರು. ಸೂಜಿ ಚುಚ್ಚಬೇಕಿದ್ದ ಆನೆಗಳು ಕೆಲವೇ ದಿನಗಳಲ್ಲಿ ಮಕ್ಕಳ ಕೈ ಸೇರಿದವು. ಮಕ್ಕಳು ಅವನ್ನು ಬಿಡಲೊಲ್ಲರು.

ಆಗಿನ ಆಟಿಕೆಗಳು ಹೆಚ್ಚಾಗಿ ಮರದವು, ತಗಡಿನವು, ಪಿಂಗಾಣಿಯವು. ಬಿದ್ದರೆ ಒಡೆಯುತ್ತವೆ, ಒತ್ತಿದರೆ ಚುಚ್ಚುತ್ತವೆ. ಅಪ್ಪಿಕೊಂಡು ಮಲಗುವಂಥ ಮೆತ್ತನೆಯ ಪ್ರಾಣಿ ಅಂಗಡಿಯಲ್ಲಿ ಸಿಗುವುದು ಅಪರೂಪ. ಮಾರ್ಗರೆಟ್ ಇದನ್ನು ಗಮನಿಸಿದರು. ಸೂಜಿಮೆತ್ತೆಯನ್ನು ಮಕ್ಕಳು ಹಾಳುಮಾಡುತ್ತಿದ್ದಾರೆ ಎಂದು ಅವರು ಗದರಬಹುದಿತ್ತು. ಬದಲಿಗೆ ಮಕ್ಕಳಿಗೆ ಬೇಕಾಗಿರುವುದೇನು ಎಂದು ನೋಡಿದರು. 1880ರಲ್ಲಿ ಮಾರಾಟವಾದ ಆನೆಗಳು ಬೆರಳೆಣಿಕೆಯಷ್ಟು. ತಮ್ಮ ಫ್ರಿಟ್ಸ್ ಒಂದು ಮೂಟೆ ಆನೆಗಳನ್ನು ಪಕ್ಕದ ಹೈಡನ್‌ಹೈಮ್ ಊರಿನ ಸಂತೆಗೆ ಹೊತ್ತುಕೊಂಡು ಹೋಗಿ ಮಾರಿ ಬಂದ. 1886ರ ಹೊತ್ತಿಗೆ ಐದು ಸಾವಿರಕ್ಕೂ ಹೆಚ್ಚು ಆನೆಗಳು ಮಾರಾಟವಾಗಿದ್ದವು. ಆಮೇಲೆ ಕೋತಿ, ಕತ್ತೆ, ಕುದುರೆ, ಒಂಟೆ, ಹಂದಿ, ನಾಯಿ, ಬೆಕ್ಕು ಒಂದೊಂದಾಗಿ ಬಂದವು. 1892ರಲ್ಲಿ ಚಿತ್ರಗಳಿದ್ದ ಮೊದಲ ಕ್ಯಾಟಲಾಗ್ ಹೊರಬಂತು. 1893ರಲ್ಲಿ ಸಂಸ್ಥೆ ಆಟಿಕೆ ಕಾರ್ಖಾನೆಯಾಗಿ ನೋಂದಣಿಯಾಯಿತು.

ಇಷ್ಟಾದರೂ ಮಾರ್ಗರೆಟ್ ಲೆಕ್ಕದ ಪುಸ್ತಕ ಹಿಡಿದು ಕೂತ ಮಾಲೀಕರಷ್ಟೇ ಆಗಲಿಲ್ಲ. ಹೊಸ ಗೊಂಬೆಯ ಮೊದಲ ಮಾದರಿಯನ್ನು ತಾವೇ ಹೊಲಿದು ನೋಡುತ್ತಿದ್ದರು. ಹೊಲಿಗೆ ಎಲ್ಲಿ ಬಿಡುತ್ತದೆ, ಎಲ್ಲಿ ಬಟ್ಟೆ ಎಳೆಯುತ್ತದೆ ಎಂದು ತಮ್ಮ ಬೆರಳಿಗೆ ಗೊತ್ತಾದ ಮೇಲೆಯೇ ಅದು ಕೆಲಸದವರ ಕೈಗೆ ಹೋಗುತ್ತಿತ್ತು. ಅವರಿಗಾಗಿ ಕಟ್ಟಿದ ಹೊಸ ಮನೆಯಲ್ಲಿ ಗಾಲಿಕುರ್ಚಿ ಓಡಾಡಲು ಇಳಿಜಾರು ದಾರಿ ಇತ್ತು. ಕಾರ್ಖಾನೆಯ ಒಳಗೆ ಕೆಲಸ ಮಾಡುವವರ ಜೊತೆಗೆ ಮನೆಯಲ್ಲೇ ಕೂತು ಹೊಲಿಯುವ ಹೆಂಗಸರೂ ಇದ್ದರು. ಮನೆಗೆಲಸ, ಮಕ್ಕಳು ಎಂದು ಹೊರಗೆ ದುಡಿಯಲಾಗದವರಿಗೆ ಅದೊಂದು ಆದಾಯ.

ಮಾರ್ಗರೆಟ್ ಮದುವೆಯಾಗಲಿಲ್ಲ. ತಮ್ಮ ಫ್ರಿಟ್ಸ್‌ನ ಗಂಡುಮಕ್ಕಳು ಒಬ್ಬೊಬ್ಬರಾಗಿ ಅತ್ತೆಯ ಕಾರ್ಖಾನೆಗೆ ಬಂದರು. ಅವರಲ್ಲಿ ರಿಚರ್ಡ್ ಸ್ಟುಟ್‌ಗಾರ್ಟಿನಲ್ಲಿ ಕಲೆ ಕಲಿತವನು. ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಕೂತು ಕರಡಿಗಳ ಚಿತ್ರ ಬರೆಯುತ್ತಿದ್ದ. 1902ರಲ್ಲಿ ಅವನು ಕೈಕಾಲು ಅಲ್ಲಾಡುವ, ಮೊಹೇರ್ ಪ್ಲಶ್ ಬಟ್ಟೆಯ ಕರಡಿಯೊಂದನ್ನು ರೂಪಿಸಿದ. ಅತ್ತೆಗೆ ಮೊದಲು ನಂಬಿಕೆ ಬರಲಿಲ್ಲ. ಬಟ್ಟೆ ದುಬಾರಿ, ಕರಡಿ ದೊಡ್ಡದು, ಮಕ್ಕಳು ಒಪ್ಪುತ್ತಾರೋ ಇಲ್ಲವೋ ಎಂಬ ಅನುಮಾನ. ಆದರೂ ಹುಡುಗನನ್ನು ತಡೆಯಲಿಲ್ಲ. 1903ರ ಲೈಪ್‌ಜಿಗ್ ಮೇಳಕ್ಕೆ ಕರಡಿ ಹೋಯಿತು. ಅಲ್ಲಿ ಅಮೆರಿಕದ ವ್ಯಾಪಾರಿಯೊಬ್ಬ 3000 ಕರಡಿಗಳಿಗೆ ಆರ್ಡರ್ ಕೊಟ್ಟ. ಅದೇ ಸಮಯಕ್ಕೆ ಅಮೆರಿಕದಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಯಲ್ಲಿ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲವೆಂಬ ಸುದ್ದಿ ವ್ಯಂಗ್ಯಚಿತ್ರವಾಗಿ ಮನೆಮಾತಾಗಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಿಚ್‌ಟಮ್ ದಂಪತಿ ಕೂಡ ಬಟ್ಟೆಯ ಕರಡಿ ಹೊಲಿದು ಅಂಗಡಿಯಲ್ಲಿಟ್ಟಿದ್ದರು. ರೂಸ್‌ವೆಲ್ಟ್ ಅವರ ಅಡ್ಡಹೆಸರು ಟೆಡ್ಡಿ. ಅದೇ ಹೆಸರು ಕರಡಿಗೂ ಅಂಟಿಕೊಂಡಿತು.

ಬೇಡಿಕೆ ಹೆಚ್ಚಿದಂತೆ ನಕಲು ಮಾಡುವವರೂ ಹೆಚ್ಚಿದರು. ಅದಕ್ಕಾಗಿ 1904ರಿಂದ ಪ್ರತಿ ಗೊಂಬೆಯ ಕಿವಿಗೆ ಲೋಹದ ಗುಂಡಿಯೊಂದನ್ನು ಒತ್ತತೊಡಗಿದರು. ಇಂದಿಗೂ ಅದೇ ಆ ಸಂಸ್ಥೆಯ ಗುರುತು. 1907ರ ಒಂದೇ ವರ್ಷದಲ್ಲಿ ತಯಾರಾದ ಕರಡಿಗಳು 9 ಲಕ್ಷ 74 ಸಾವಿರ. ಕಾರ್ಖಾನೆಯಲ್ಲಿ 400 ಜನ, ಮನೆಯಲ್ಲೇ ಹೊಲಿಯುವವರು 1800 ಜನ. ಒಂದು ಸಣ್ಣ ಊರಿಗೆ ಇದು ಎಂಥ ಆಸರೆ ಎಂದು ಯೋಚಿಸಿ. ಎರಡು ವರ್ಷದ ಬಳಿಕ, 1909ರ ಮೇ 9ರಂದು, ನ್ಯುಮೋನಿಯಾದಿಂದ ಮಾರ್ಗರೆಟ್ ತೀರಿಕೊಂಡರು. ಆಗ ಅವರಿಗೆ 61 ವರ್ಷ.

ಎಲ್ಲವನ್ನೂ ಅವರೊಬ್ಬರೇ ಮಾಡಿದರು ಎಂದರೆ ಸುಳ್ಳಾದೀತು. ಕೋಣೆ ಮಾಡಿಕೊಟ್ಟ ತಂದೆ, ಸಂತೆಗೆ ಮೂಟೆ ಹೊತ್ತ ತಮ್ಮ, ಫೆಲ್ಟ್ ಕೊಟ್ಟ ಸಂಬಂಧಿಕರು, ಕರಡಿ ಬರೆದ ಸೋದರಳಿಯ, ಹೆಸರು ಉಳಿಯದ ಸಾವಿರಾರು ಹೆಂಗಸರು ಅವರ ಜೊತೆಗಿದ್ದರು. ನಮ್ಮಲ್ಲಿ ಎಲ್ಲರಿಗೂ ಅಂಥ ಆಸರೆ ಇರುವುದಿಲ್ಲ. ಹವ್ಯಾಸವಿದ್ದರೆ ಸಾಕು, ಎಲ್ಲರೂ ಕಾರ್ಖಾನೆ ಕಟ್ಟಬಹುದು ಎಂದು ಹೇಳಲು ನಾನಿಲ್ಲಿ ಹೊರಟಿಲ್ಲ. ನಾಳೆ ನನಗೊಂದು ಕೆಲಸ ಸಿಕ್ಕರೆ ನಾನು ಸಂತೋಷದಿಂದಲೇ ಸೇರುತ್ತೇನೆ.

ಆದರೆ ಗೆಳೆಯರೇ, ನಾವೆಲ್ಲ ಈಗ ಕಾಯುವ ವಯಸ್ಸಿನಲ್ಲಿದ್ದೇವೆ. ನೋಟಿಫಿಕೇಶನ್‌ಗೆ, ಫಲಿತಾಂಶಕ್ಕೆ, ಇಂಟರ್‌ವ್ಯೂ ಕರೆಗೆ ಕಾಯುತ್ತೇವೆ. ಕಾಯುವುದು ತಪ್ಪಲ್ಲ. ಅರ್ಜಿ ಹಾಕಲೇಬೇಕು, ಓದಲೇಬೇಕು. ಆದರೆ ಕಾಯುವ ಹೊತ್ತಿನಲ್ಲಿ ಕೈ ಖಾಲಿ ಇರಬೇಕಾಗಿಲ್ಲ. ಮಾರ್ಗರೆಟ್ ಆನೆ ಹೊಲಿದಾಗ ಅವರಿಗೆ 32 ದಾಟಿತ್ತು. ಅದರ ಹಿಂದೆ ಒಂದೂವರೆ ದಶಕದ ಹೊಲಿಗೆಯ ಅಭ್ಯಾಸವಿತ್ತು. ಅಷ್ಟು ವರ್ಷ ಅವರು ಗೊಂಬೆಯ ಕನಸು ಕಂಡವರಲ್ಲ, ಎದುರಿಗಿದ್ದ ಲಂಗ, ಕೋಟುಗಳನ್ನು ಅಚ್ಚುಕಟ್ಟಾಗಿ ಹೊಲಿದವರು. ಆನೆಯ ಚಿತ್ರ ಕಣ್ಣಿಗೆ ಬಿದ್ದ ದಿನ ಕೈ ಸಿದ್ಧವಾಗಿತ್ತು, ಅಷ್ಟೇ. ಆ ಫ್ಯಾಷನ್ ಪತ್ರಿಕೆಯ ಪುಟವನ್ನು ಅಂದು ಎಷ್ಟೋ ಮಂದಿ ತಿರುವಿಹಾಕಿರಬೇಕು. ಗೀಂಗೆನ್‌ನ ಒಂದು ಕೋಣೆಯಲ್ಲಿ ಮಾತ್ರ ಒಬ್ಬ ಹೆಂಗಸು ಕತ್ತರಿ ಕೈಗೆತ್ತಿಕೊಂಡರು.